ರಂಗಕ್ಕೆ ಬೆನ್ನು ಮಾಡಿ ಕುಳಿತ ಅವ್ವ

ಅಪ್ಪ ನಾಟಕ ನೋಡುವುದನ್ನು ಬಿಟ್ಟು ಎರಡು ವರ್ಷವಾಗಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನು ನಿವೃತ್ತನಾಗುವ ಹೊತ್ತಿಗೇ ಕಿವಿ ಮಂದವಾಗಿತ್ತು, ಆಮೇಲೆ ಇನ್ನೂ ಹೆಚ್ಚಾಯಿತು. ಕಿವಿಗೆ ಮಷೀನು ಹಾಕಿಸಿದೆವು. ಮನೆಯೊಳಗೆ ಅದರಿಂದ ಅನುಕೂಲವಿತ್ತು. ಜನ ಸೇರಿದ ಕಡೆ ಮಾತ್ರ ಅದು ಮಾತನ್ನೂ ಗದ್ದಲವನ್ನೂ ಒಂದೇ ಸಮನೆ ದೊಡ್ಡದು ಮಾಡುತ್ತಿತ್ತು. ಕೊನೆಯ ಸಲ ನಾಟಕಕ್ಕೆ ಹೋದಾಗ ಅಪ್ಪ ಅಕ್ಕಪಕ್ಕದವರ ಮುಖ ನೋಡಿ, ಅವರು ನಕ್ಕ ಮೇಲೆ ತಾನೂ ನಕ್ಕನಂತೆ. ಮರುದಿನ ಗೆಳೆಯನೊಬ್ಬ ಅದನ್ನು ಕಟ್ಟೆಯ ಮೇಲೆ ಎಲ್ಲರೆದುರು ನಟಿಸಿ ತೋರಿಸಿದ. ಅಪ್ಪ ಕಟ್ಟೆಯಿಂದ ಎದ್ದು ನಡೆದ. ಮನೆಗೆ ಬಂದು, "ಎಲ್ಲಾರೂ ನಕ್ಕ ಮ್ಯಾಲ ನಗಾಕ ನಾ ಏನ ಹುಚ್ಚ ಅದೇನಿ?" ಎಂದು ಅವ್ವನಿಗೆ ಕೇಳಿದ. ಅಲ್ಲಿಗೆ ನಾಟಕ ನಿಂತಿತು.

ಅದು ಸಣ್ಣ ಸಂಗತಿಯಾಗಿರಲಿಲ್ಲ. ಸವಣೂರು, ಶಿಗ್ಗಾಂವಿ, ಹಿರೇಕೆರೂರು, ಹಾನಗಲ್, ನಾಟಕ ಕಂಪನಿ ಎಲ್ಲಿ ಟೆಂಟು ಹಾಕಿದರೂ ಡ್ಯೂಟಿ ಮುಗಿಸಿ ಹೋಗುತ್ತಿದ್ದವನು ಅವನು. ಅವ್ವ ಜೊತೆಗೆ ಹೋದದ್ದು ಅಪರೂಪ. ಹತ್ತಿಮತ್ತೂರಿನ ನಮ್ಮ ಮನೆಯಿಂದ ಶಾಲೆಗೆ, ಶಾಲೆಯಿಂದ ಒಲೆಯ ಮುಂದಕ್ಕೆ, ಅವಳ ದಿನ ಅಷ್ಟರಲ್ಲೇ ತುಂಬಿಹೋಗುತ್ತಿತ್ತು. ನೌಕರಿಯುದ್ದಕ್ಕೂ ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ಕಲಿಸಿದಳು.

ಈ ವರ್ಷ ಅವಳೂ ನಿವೃತ್ತಳಾದಳು. ಧಾರವಾಡದಿಂದ ರಜೆಗೆ ಬಂದಿದ್ದ ನಾನು, ನನ್ನ ಕಾರಿನಲ್ಲಿ ಇಬ್ಬರನ್ನೂ ಒಂದು ದಿನ ಎಲ್ಲಿಗಾದರೂ ಕರೆದೊಯ್ಯುತ್ತೇನೆಂದೆ. ಅವ್ವ ಗೊಟಗೋಡಿಯ ರಾಕ್ ಗಾರ್ಡನ್ ಎಂದಳು, ಹಾನಗಲ್ಲಿನ ಗುಡಿ ಎಂದಳು. ಅಪ್ಪ ಎದ್ದು ಹೋದ ಮೇಲೆ, ಹಾನಗಲ್ಲಿನಲ್ಲಿ ಈಗ ಕಂಪನಿ ಬಂದಿದೆ ಎಂದೂ ಸೇರಿಸಿದಳು.

ಗೊಟಗೋಡಿಗೆ ಅವಳು ಶಾಲೆಯ ಪ್ರವಾಸದಲ್ಲಿ ಎಷ್ಟೋ ಸಲ ಹೋಗಿದ್ದಳು. ಪ್ರತಿ ಸಲವೂ ಮಕ್ಕಳ ತಲೆ ಎಣಿಸುವುದರಲ್ಲೇ ದಿನ ಮುಗಿದಿತ್ತಂತೆ. ಈ ಸಲ ಹಳ್ಳಿ ಬದುಕನ್ನು ತೋರಿಸುವ ಆಳೆತ್ತರದ ಒಂದೊಂದು ಗೊಂಬೆಯ ಮುಂದೆಯೂ ನಿಂತಳು. ರೊಟ್ಟಿ ಬಡಿಯುವ ಹೆಂಗಸಿನ ಕೈಯನ್ನು ಅಷ್ಟು ಹೊತ್ತು ನೋಡಿದ್ದಕ್ಕೆ, ಮನೆಯಲ್ಲಿ ಅದನ್ನೇ ಮಾಡುವವಳು ಇಲ್ಲಿ ಬಂದು ನೋಡುವುದೇನು ಎಂದು ಅಪ್ಪ ಕಾಡಿಸಿದ. ತಾನು ಮಾತ್ರ ಎತ್ತಿನ ಬೆನ್ನು ತಟ್ಟಿ, ಸಿಮೆಂಟೇ ಎಂದು ಖಾತ್ರಿ ಮಾಡಿಕೊಂಡ.

ಹಾನಗಲ್ಲಿನಲ್ಲಿ ಗುಡಿ ನೋಡಿ, ಕಲ್ಲಿನ ತಂಪಿನಲ್ಲಿ ಸ್ವಲ್ಪ ಹೊತ್ತು ಕುಳಿತು, ಸಂಜೆ ಬೇಗನೆ ಖಾನಾವಳಿಗೆ ಹೋದೆವು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ತಟ್ಟೆಗಳ ಸದ್ದು, ಹೊರಗೆ ಬಸ್ಸಿನ ಹಾರ್ನು. ಬಡಿಸುವವನು ಬಂದು ಇನ್ನೆಷ್ಟು ರೊಟ್ಟಿ ಬೇಕೆಂದು ಕೇಳಿದ. ಅಪ್ಪ ಅವನತ್ತ ನೋಡದೆ ಅವ್ವನತ್ತ ನೋಡಿದ. ಅವಳು ತುಟಿಯನ್ನಷ್ಟೇ ಆಡಿಸಿದಳು, ದನಿ ಇರಲಿಲ್ಲ. "ಒಂದ ಸಾಕ್ರಿ, ಹೊಟ್ಟಿ ತುಂಬೇತಿ" ಎಂದು ಅಪ್ಪ ಅವನಿಗೆ ಹೇಳಿದ. ಊಟದುದ್ದಕ್ಕೂ ಹೀಗೇ ನಡೆಯಿತು. ಮನೆಯಿಂದ ದೂರ ಇರುವ ನಾನು ಇದನ್ನು ಗಮನಿಸಿದ್ದು ಅಂದೇ ಮೊದಲು. ಅವ್ವನಿಗೆ ಕೇಳಿದಾಗ, ಒಂದನೇ ತರಗತಿಯಲ್ಲಿ ಬಾಯಿ ಅಗಲಿಸಿ ಅಕ್ಷರ ತೋರಿಸಿದ ರೂಢಿ, ಅಷ್ಟೇ ಎಂದಳು.

ನಾಟಕದ ಮಾತೆತ್ತಿದಾಗ ಅಪ್ಪ ಒಲ್ಲೆನೆಂದ. ಆಮೇಲೆ ಟೆಂಟಿನ ಬಣ್ಣದ ದೀಪ ಕಂಡು, ಮುಂದಿನ ಸಾಲಿನಲ್ಲಿ ಕೂತರೆ ಕೇಳಿಸಬಹುದು ಎಂದು ತಾನೇ ಹೇಳಿದ. ಮೊದಲ ಸಾಲಿನಲ್ಲಿ ಕುಳಿತೆವು. ಅದೇ ತಪ್ಪಾಯಿತು. ಎದುರಿಗೇ ಧ್ವನಿವರ್ಧಕ, ಪಕ್ಕದಲ್ಲಿ ಹಾರ್ಮೋನಿಯಂ, ತಬಲಾ. ಪರದೆ ಎದ್ದೊಡನೆ ಟೆಂಟು ಕತ್ತಲಾಯಿತು, ಅವ್ವನ ಮುಖವೂ ಕಾಣದಾಯಿತು. ಸುತ್ತಲಿನವರು ಒಮ್ಮೆ ನಕ್ಕರು, ಮತ್ತೊಮ್ಮೆ ನಕ್ಕರು. ಅಪ್ಪ ಎರಡು ಸಲವೂ ನಗಲಿಲ್ಲ. ಮಷೀನು ತೆಗೆದು ಜೇಬಿಗೆ ಹಾಕಿಕೊಂಡು ಎದ್ದ.

"ನಡೀರಿ, ಮನೀಗೆ ಹೋಗೂಣು. ಇದು ನನಗ ಮುಗೀತು."

ನಾವು ಹಿಂದೆಯೇ ನಡೆದೆವು. ಬಾಗಿಲ ಬಳಿ, ಹೊರಗಿನ ಚಹಾದ ಅಂಗಡಿಯ ಬಲ್ಬಿನ ಬೆಳಕು ಕೊನೆಯ ಸಾಲಿನ ಮೇಲೆ ಬಿದ್ದಿತ್ತು. ಅವ್ವ ಅಪ್ಪನ ತೋಳು ಹಿಡಿದು ನಿಲ್ಲಿಸಿ, ಬೆಳಕಿಗೆ ಮುಖ ಮಾಡಿ, ರಂಗದ ಮೇಲೆ ಆಗ ತಾನೇ ಆಡಿದ ಮಾತನ್ನು ದನಿಯಿಲ್ಲದೆ ಆಡಿ ತೋರಿಸಿದಳು. ಅಪ್ಪ ಅವಳನ್ನು ನೋಡಿದ, ಅವಳ ಹೆಗಲಾಚೆ ರಂಗವನ್ನು ನೋಡಿದ. "ಹಂಗಂದನೇನ ಅಂವಾ?" ಎಂದ. ಅವ್ವ ತಲೆಯಾಡಿಸಿದಳು. ಒಂದು ಕುರ್ಚಿಯನ್ನು ಹಿಂದುಮುಂದು ತಿರುಗಿಸಿ, ರಂಗಕ್ಕೆ ಬೆನ್ನು ಮಾಡಿ ಕುಳಿತಳು. ಅಪ್ಪ ಅವಳೆದುರು ಕುಳಿತ.

ಪಕ್ಕದಲ್ಲಿ ಶೇಂಗಾ ತಿನ್ನುತ್ತಿದ್ದ ಹೆಂಗಸಿಗೆ ತಡೆಯಲಾಗಲಿಲ್ಲ. "ಅಕ್ಕಾರ, ನಾಟಕ ಆ ಕಡೆ ನಡದೈತ್ರಿ."

"ಗೊತ್ತೈತ್ರಿ," ಎಂದಳು ಅವ್ವ, ಅಪ್ಪನ ಮೇಲಿನ ಕಣ್ಣು ತೆಗೆಯದೆ. "ನೋಡಾಕ ಅವರು ಅದಾರ. ನಾ ಕೇಳಾಕ ಬಂದೇನಿ."

ಕಥೆ ಸರಳವಾಗಿತ್ತು. ಶ್ರೀಮಂತನೆಂದು ಸುಳ್ಳು ಹೇಳಿಕೊಂಡು, ಗೌಡರ ಮನೆಗೆ ಹೆಣ್ಣು ಕೇಳಲು ಬಂದವನೊಬ್ಬ. ಅವನ ಜೊತೆಗೆ ಬಾಯಿಬಡುಕ ಆಳು. ಮೊದಮೊದಲು ಅವ್ವ ಒಂದೊಂದು ಮಾತಿಗೂ ಹಿಂದೆ ಬೀಳುತ್ತಿದ್ದಳು. ಬರಬರುತ್ತ ಎಷ್ಟು ಬಿಡಬೇಕು, ಎಷ್ಟು ಹೇಳಬೇಕು ಎಂಬುದು ತಿಳಿಯಿತು. ಕೊನೆಯ ಅಂಕದ ಹೊತ್ತಿಗೆ ಮುಂದಿನ ಮಾತನ್ನು ಊಹಿಸತೊಡಗಿದಳು. ಒಡೆಯನ ಹೊಲ ಎಲ್ಲಿಯವರೆಗೆ ಎಂದು ಗೌಡರು ಕೇಳಿದರು. ಕಣ್ಣು ಹಾಯುವವರೆಗೆ ಎಂದ ಆಳು, ಮತ್ತೆ ಸುಮ್ಮನಾಗಿ ಜನರತ್ತ ತಿರುಗಿದ. ಆ ಬಿಡುವಿನಲ್ಲಿ ಅವ್ವನ ತುಟಿ ಆಡಿತು. ಸದ್ದಿಲ್ಲದ ಟೆಂಟಿನಲ್ಲಿ ಅಪ್ಪ ಒಬ್ಬನೇ ಗಹಗಹಿಸಿ ನಕ್ಕ. ಮುಂದಿನ ಸಾಲುಗಳವರು ತಿರುಗಿ ನೋಡಿದರು. ಆಮೇಲೆ ಆಳು ಹೇಳಿದ, "ಕಣ್ಣ ನಮ್ಮ ಧಣೀದು, ಹೊಲ ಮಂದೀದು!" ಆಗ ಅವರೂ ನಕ್ಕರು. ಅಪ್ಪ ನಗು ಮುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದ.

ನನಗೆ ಅಳು ಬಂದಿತ್ತು. ಯಾರಿಗೂ ಕಾಣದಂತೆ ಹೊರಗೆ ಹೋಗಿ ಮೂರು ಕಪ್ ಚಹಾ ತಂದೆ.

ಊರಿನತ್ತ ಹೊರಟಾಗ ಇಬ್ಬರೂ ಹಿಂದಿನ ಸೀಟಿನಲ್ಲಿದ್ದರು. ಕಾರಿನ ಸದ್ದಿಗೆ ಮಷೀನು ಜೇಬಿನಲ್ಲೇ ಉಳಿದಿತ್ತು, ಒಳಗೆ ಕತ್ತಲೂ ಇದ್ದುದರಿಂದ ಅವ್ವ ಏನು ಹೇಳಿದರೂ ಅಪ್ಪನಿಗೆ ತಿಳಿಯುವಂತಿರಲಿಲ್ಲ. ಹಾಗಾಗಿ ಮಾತು ಅಪ್ಪನದೇ ಆಯಿತು. ಅವ್ವ ಕೇಳಿದ್ದಳೇ ಹೊರತು ನೋಡಿರಲಿಲ್ಲ ಎಂಬುದು ಅವನಿಗೆ ಹೊಳೆದಿರಬೇಕು. ಗೌಡರ ಮನೆಗೆಂದು ಇಳಿಸಿದ ಅರಮನೆಯ ಪರದೆಯಲ್ಲಿ ಎಷ್ಟು ಕಂಬ ಬರೆದಿದ್ದರು, ಗೌಡ ಸಿಟ್ಟಾದಾಗ ಅಂಟಿಸಿದ ಮೀಸೆ ಹೇಗೆ ಒಂದು ಕಡೆ ಬಿಟ್ಟುಕೊಂಡಿತು, ಅದನ್ನು ಮಗಳ ಪಾತ್ರದವಳು ಅಳುತ್ತಲೇ ಹೇಗೆ ಒತ್ತಿ ಕೂಡಿಸಿದಳು, ಎಲ್ಲವನ್ನೂ ಬಿಡದೆ ಹೇಳಿದ. ಅವ್ವ ನಗುತ್ತ ಕೇಳಿದಳು. ಅವಳ ಧಾರಾಳತನಕ್ಕೆ, ಅವನ ಕಣ್ಣಿಗೆ, ನಾನು ಅದೇ ಕಾರಿನಲ್ಲಿದ್ದುದಕ್ಕೆ ಮನಸ್ಸಿನಲ್ಲೇ ಕೃತಜ್ಞಳಾದೆ.

ಸ್ವಲ್ಪ ಹೊತ್ತಿಗೆ ಅವ್ವ ಮುಂದಕ್ಕೆ ಬಾಗಿ ನನ್ನ ಭುಜ ಮುಟ್ಟಿದಳು.

"ಒಳಗಿನ ಲೈಟ ಹಚ್ಚವಾ. ಆ ಗೌಡರ ಮಗಳ ಸೀರಿ ಯಾವ ಬಣ್ಣದ್ದಿತ್ತು, ಕೇಳಬೇಕಾಗೇತಿ."

ರಸ್ತೆ ಬದಿಗೆ ಕಾರು ನಿಲ್ಲಿಸಿ ಲೈಟು ಹಚ್ಚಿದೆ.