ದಾರಿ ಕೇಳದ ಅಣ್ಣ

ನಮ್ಮಣ್ಣ ಶಿವಪ್ಪ ಯಾರಿಗೂ ದಾರಿ ಕೇಳಿದವನಲ್ಲ. ಗೊತ್ತಿಲ್ಲದ ಊರಿನಲ್ಲೂ ಕುತ್ತಿಗೆ ನೆಟ್ಟಗೆ ಮಾಡಿಕೊಂಡು, ತನ್ನ ಹೊಲದಲ್ಲಿ ನಡೆದಂತೆ ನಡೆಯುತ್ತಿದ್ದ. ಯಾರನ್ನಾದರೂ ಕೇಳೋಣವೆಂದರೆ, "ದೀಪಾ ಕಾಣಾಕತ್ತಮ್ಯಾಲ ದಾರಿ ಏನ ಕೇಳೂದಲೇ? ನೆಟ್ಟಗ ನಡಿ" ಅನ್ನುತ್ತಿದ್ದ.

ಶಲವಡಿ ಸುತ್ತಿನ ನಮ್ಮ ಎರೆಹೊಲಗಳಲ್ಲಿ ಆ ಮಾತು ಸುಳ್ಳಲ್ಲ. ಅಲ್ಲಿ ಗುಡ್ಡವಿಲ್ಲ, ಮರವೂ ಕಡಿಮೆ. ಕತ್ತಲಾದರೆ ಊರಿನ ದೀಪ ನೋಡುತ್ತ ಹೊಲ ಹಾಯ್ದರೆ ಮನೆ ಸಿಕ್ಕೇ ಸಿಗುತ್ತದೆ. ನಾನು ಸಣ್ಣವನಿದ್ದಾಗ ಅಣ್ಣಿಗೇರಿ ಸಂತೆಯಿಂದ ಹಾಗೆಯೇ ನನ್ನನ್ನು ಹೆಗಲ ಮೇಲೆ ಹೊತ್ತು ತಂದಿದ್ದ. ದಾರಿಯಲ್ಲಿ ಹಸಿಕಡಲೆ ಕಿತ್ತು, ಸುಲಿದು ಬಾಯಿಗೆ ಹಾಕಿದ್ದ. ಅವನ ಬಗ್ಗೆ ಒಳ್ಳೆಯದು ಹೇಳಬೇಕೆಂದರೆ ನನಗೆ ಮೊದಲು ನೆನಪಾಗುವುದು ಅದೇ. ಎರಡನೆಯದಕ್ಕೆ ಹುಡುಕಬೇಕು.

ಅಪ್ಪ ಸತ್ತ ವರ್ಷ ನನ್ನನ್ನು ಐದನೇ ಇಯತ್ತೆಯಿಂದ ಬಿಡಿಸಿದವನು ಅವನೇ. ಮಾಸ್ತರರು ಮನೆಗೆ ಬಂದು ವಿಚಾರಿಸಿದರೆ, "ಎತ್ತಿಗೆ ಮೇವ ಹಾಕಾಕ ಓದು ಬೇಕೇನ್ರಿ?" ಎಂದು ಚಹಾ ಕುಡಿಸಿ ಕಳಿಸಿದ. ನನ್ನನ್ನು ಯಾರೂ ಕೇಳಲಿಲ್ಲ. ಆಮೇಲೆ ಲಗ್ನಪತ್ರಿಕೆ ಬಂದಾಗಲೆಲ್ಲ ನನ್ನ ಮುಂದೆ ಹಿಡಿದು, "ಓದ್ರಿ ಪಂಡಿತರ" ಎಂದು ನಾಲ್ಕು ಮಂದಿಯ ಎದುರು ನಗುತ್ತಿದ್ದ. ನಾನು ತಡವರಿಸುವಾಗ ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಿದ್ದಳು.

ಮೂರು ವರ್ಷದ ಹಿಂದೆ, ಮಳೆ ಹಿಂದೆ ಸರಿದು ಕಡಲೆ ಬಿತ್ತನೆ ಮುಗಿದ ಮೇಲೆ, ಯಮನೂರಿನ ಗೆಳೆಯ ರಾಜೇಸಾಬನ ಜೀಪಿನಲ್ಲಿ ಮೂವರೂ ಚಿಕ್ಕಮಗಳೂರಿನ ಬೆಟ್ಟಗಳ ಕಡೆ ಹೋದೆವು. ಸಿಕ್ಕಲ್ಲಿ ತಾಡಪತ್ರಿ ಕಟ್ಟಿ ಮಲಗುವುದು, ಬೆಟ್ಟ ಹತ್ತುವುದು, ಕಟಕರೊಟ್ಟಿ ತಿನ್ನುವುದು. ಘಟ್ಟದ ತಿರುವುಗಳಲ್ಲಿ ನನಗೆ ವಾಂತಿಯಾಯಿತು. "ರಾಜೇಸಾಬ, ಲಗೂನ ನಿಂಬಿಕಾಯಿ ತಾರೋ, ಬಸುರಿ ಕಾರಾಕತ್ತಾಳ" ಎಂದ ಅಣ್ಣ. ರಾಜೇಸಾಬನೂ ನಕ್ಕ.

ಮರುದಿನ ಸಂಜೆ ರಾಜೇಸಾಬ ಜೀಪಿನ ಹತ್ತಿರ ಅಡುಗೆಗೆ ಉಳಿದ. ನಾವಿಬ್ಬರೇ ಬೆಟ್ಟ ಹತ್ತಿದೆವು. ಇಳಿಯುವಾಗ ದನ ಹೊಡೆದುಕೊಂಡು ಹೋಗುತ್ತಿದ್ದವನೊಬ್ಬ ಎದುರಾದ. ಅಣ್ಣ ನಿಲ್ಲದೆ ಮುಂದೆ ಹೋದ. ನಾನು ನಿಂತು ಕೇಳಿದೆ. "ಕಾಲುದಾರಿ ಬಿಡ್ಬೇಡಿ," ಎಂದ ಅವನು. "ಎದುರಿಗೆ ಬೆಳಕು ಕಾಣುತ್ತೆ ಅಂತ ನೇರ ಇಳಿದೀರಿ, ನಡುವೆ ದೊಡ್ಡ ಕೊರಕಲಿದೆ."

ಹೊತ್ತು ಮುಳುಗಿತ್ತು. ಕಾಲುದಾರಿ ಎಡಕ್ಕೆ ಹೊರಳಿ ಬೆಟ್ಟದ ಹಿಂದಕ್ಕೆ ಹೋಗುತ್ತಿತ್ತು. ಎದುರಿಗೆ, ರಾಜೇಸಾಬ ಜೀಪಿಗೆ ತೂಗುಹಾಕಿದ ದೀಪ ಅಗದಿ ಹತ್ತಿರ ಕಂಡಿತು. ಅಣ್ಣ ದಾರಿ ಬಿಟ್ಟು ಹುಲ್ಲಿಗೆ ಇಳಿದ.

"ಆ ಕಡೆ ಯಾವೂರಿಗೆ ಹೊಂಟಿ? ದೀಪಾ ಇಲ್ಲೇ ಐತಲ್ಲ."

"ನಾ ದಾರಿ ಹಿಡದ ಬರ್ತೀನಿ."

"ಆತು, ಪಂಡಿತರು ದಾರಿ ಓದಕೋತ ಬರ್ರಿ."

ಕೊರಕಲಿನ ಮಾತು ನನ್ನ ಬಾಯಿಗೆ ಬಂದಿತ್ತು. ನುಂಗಿದೆ. ಸಾಯಲಿ ಎಂದುಕೊಳ್ಳಲಿಲ್ಲ. ಮುಳ್ಳು ತರಚಿಸಿಕೊಂಡು ತಿರುಗಿ ಬರಲಿ, ರಾಜೇಸಾಬನ ಮುಂದೆ ನಾನೂ ಒಮ್ಮೆ ನಗಬೇಕು ಎಂದುಕೊಂಡೆ.

ನಾನು ಜೀಪು ಮುಟ್ಟಿದಾಗ ಅನ್ನ ಬೆಂದಿತ್ತು. ಅಣ್ಣ ಬಂದಿರಲಿಲ್ಲ. ಬ್ಯಾಟರಿ ಹಿಡಿದು ಹುಡುಕಿದಾಗ ಕೊರಕಲಿನ ತಳದಲ್ಲಿ ಸಿಕ್ಕ. ಸೊಂಟ ಮುರಿದಿತ್ತು.

ಮತ್ತೆ ಅವನು ನಡೆಯಲಿಲ್ಲ. ಹಾಸಿಗೆ ಹಿಡಿದ ಮೇಲೆ ನಾಲಿಗೆ ಇನ್ನಷ್ಟು ಹರಿತವಾಯಿತು. ಅವನ ಹೊಲಸು ಬಳಿದವನು ನಾನು, ಬೈಸಿಕೊಂಡವನೂ ನಾನೇ. ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಅವನ ಮೈ ಒರೆಸುತ್ತಿದ್ದೆ. ಇದ್ದಕ್ಕಿದ್ದಂತೆ ಕೇಳಿದ.

"ಆ ದನದಾಂವ ನಿನಗ ಏನ ಹೇಳಿದ್ದಲೇ?"

"ಏನೂ ಇಲ್ಲ. ಎಲಿ ಅಡಿಕಿ ಕೇಳಿದ."

ಬಹಳ ಹೊತ್ತು ನನ್ನ ಮುಖ ನೋಡಿದ. "ಹಂಗಾರ ತಪ್ಪು ನಂದ ಬಿಡು," ಎಂದು ಮುಖವನ್ನು ಗೋಡೆಯ ಕಡೆ ಹೊರಳಿಸಿದ. ಅರಿವೆ ಹಿಂಡಿ ಅವನ ಬೆನ್ನು ಒರೆಸಿದೆ. ಆ ವಾರದಲ್ಲೇ ತೀರಿಕೊಂಡ.

ಅವನ ಮೇಲಿನ ಸಿಟ್ಟು ಅವನ ಜೊತೆ ಹೋಗಲಿಲ್ಲ. ಒಮ್ಮೊಮ್ಮೆ ಆ ಸಿಟ್ಟೇ ನನಗೆ ಆಸರೆ. ಮಾತನಾಡಿಸಲು ಬಂದವರು ಕಟ್ಟೆಯ ಮೇಲೆ ಕುಳಿತು, "ನಿಮ್ಮಣ್ಣನ ಹಟಾನ ಅವನ್ನ ತಿಂತು ನೋಡಪಾ" ಅನ್ನುತ್ತಾರೆ.

"ಹೌದ್ರಿ" ಅನ್ನುತ್ತೇನೆ.