ಏಳು ಜೇಬಿನ ತಾತನ ಪಾಲು

ನಾನು ಚಿಕ್ಕವನಿದ್ದಾಗ ನಮ್ಮ ಮನೆಗೆ ಒಬ್ಬ ತಾತ ಬಂದು ಹೋಗುತ್ತಿದ್ದ. ಅವನನ್ನು ಯಾರೂ ಕಂಡಿರಲಿಲ್ಲ, ಯಾಕೆಂದರೆ ಅವನು ಇರಲೇ ಇಲ್ಲ. ನಮ್ಮ ಅಕ್ಕ ಅವನನ್ನು ಕತೆಯಲ್ಲಿ ಹುಟ್ಟಿಸಿದ್ದಳು. ಮಕ್ಕಳೇ, ಹೋದ ವಾರ ಅವನ ಸುದ್ದಿ ಮತ್ತೆ ನನ್ನ ಕಿವಿಗೆ ಬಿತ್ತು ನೋಡಿ, ಅವತ್ತಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಎಲ್ಲಿ ಬಿತ್ತು ಅನ್ನೋದನ್ನ ಆಮೇಲೆ ಹೇಳ್ತೀನಿ, ಮೊದಲು ಆ ದಿನದ ಕತೆ ಕೇಳಿ.

ನಮ್ಮೂರು ಬುಕ್ಕಾಪಟ್ಟಣದ ಕಡೆ, ಕುರುಚಲು ಕಾಡಿನ ಅಂಚಿನಲ್ಲಿತ್ತು. ಹೊಲದ ತುಂಬ ಕಡಲೆಕಾಯಿ ಬೆಳೆಯುತ್ತಿದ್ದೆವು. ಬಿತ್ತನೆಗೆ ಮುಂಚೆ ಬೀಜದ ಕಾಯಿ ಬಿಡಿಸಬೇಕಿತ್ತು. ಕಾಳಿನ ಕೆಂಪು ಸಿಪ್ಪೆ ಸುಲಿದುಹೋದರೆ ಮೊಳಕೆ ಸರಿಯಾಗಿ ಬರೋದಿಲ್ಲ ಅಂತ ಒಂದೊಂದೇ ಕಾಯಿಯನ್ನು ಬೆರಳಲ್ಲಿ ಒತ್ತಿ ಬಿಡಿಸುತ್ತಿದ್ದೆವು. ಅಕ್ಕಪಕ್ಕದ ಹೆಂಗಸರು ಮುಯ್ಯಾಳಾಗಿ ಬರೋರು, ಇವತ್ತು ನಮ್ಮನೆ ಕಾಯಿ, ನಾಳೆ ಅವರ ಮನೆ ಕಾಯಿ. ಪಟಪಟ ಅಂತ ಸಿಪ್ಪೆ ಒಡೆಯುವ ಸದ್ದು, ಮಣ್ಣಿನ ಘಮ, ಬೆರಳ ತುದಿಯೆಲ್ಲ ಉರಿ. ಆದರೆ ಬಾಯಿ ಸುಮ್ಮನಿರಬೇಕಲ್ಲ! ದೊಡ್ಡವರು ಎರಡು ಬೀಜ ಮೊರಕ್ಕೆ ಹಾಕಿದರೆ ಒಂದು ಬಾಯಿಗೆ. ನಾನಂತೂ ಒಂದು ಮೊರಕ್ಕೆ, ಎರಡು ಬಾಯಿಗೆ.

ಅದಕ್ಕೇ ಅಪ್ಪ ಅಕ್ಕನನ್ನು ಕತೆ ಹೇಳಲು ಕೂರಿಸುತ್ತಿದ್ದ. ಕತೆ ಕೇಳುವವರ ಬಾಯಿ ತೆರೆದೇ ಇರುತ್ತಿತ್ತು, ಆದರೆ ತಿನ್ನುವುದು ಮರೆತುಹೋಗುತ್ತಿತ್ತು.

ಅಕ್ಕನ ಕತೆಯ ತಾತನಿಗೆ ಒಂದು ಕೋಟು, ಕೋಟಿಗೆ ಏಳು ಜೇಬು. ಒಂದು ಜೇಬಿನಲ್ಲಿ ಗಾಳಿ, ಒಂದರಲ್ಲಿ ತುಂತುರು ಮಳೆ, ಒಂದರಲ್ಲಿ ಊರವರೆಲ್ಲ ಕಳೆದುಕೊಂಡ ಸೂಜಿಗಳು, ಒಂದರಲ್ಲಿ ಎಳೆಮಕ್ಕಳ ನಿದ್ದೆ. ಹೀಗೆ ಆರು ಜೇಬಿಗೂ ಒಂದೊಂದು. ಏಳನೆಯದನ್ನು ಅವನು ಯಾರಿಗೂ ತೋರಿಸಿರಲಿಲ್ಲ. ಬರುಬರುತ್ತಾ ಅವನು ಕತೆಯಿಂದ ಎದ್ದು ಊರೊಳಗೆ ಓಡಾಡತೊಡಗಿದ. ಸಂಜೆ ಗಾಳಿ ಎದ್ದರೆ, "ತಾತ ಜೇಬು ಕೊಡವ್ತಾವ್ನೆ" ಅನ್ನೋರು. ಸೂಜಿ ಕಳೆದರೆ, "ಬುಡು, ತಾತನ ಹತ್ರ ಜೋಪಾನವಾಗೈತೆ" ಅನ್ನೋರು.

ಆ ವರ್ಷ ಒಳ್ಳೆಯ ಮಳೆ ಬಿದ್ದು ಹೊಲ ಹದವಾಗಿತ್ತು. ಬೆಳಗಾದರೆ ಬಿತ್ತನೆ, ಹದ ಆರಿಹೋದರೆ ಮತ್ತೆ ಮಳೆ ಕಾಯಬೇಕು. ಎರಡು ಮೂಟೆ ಕಾಯಿ ಇನ್ನೂ ಹಾಗೇ ಬಿದ್ದಿತ್ತು. ಹೆಂಗಸರೆಲ್ಲ ಅಂಗಳದಲ್ಲಿ ಕೂತಿದ್ದರು. ಪಕ್ಕದ ಮನೆ ಅಜ್ಜಿ, ಶಿರಾದಿಂದ ಬಳೆ ಹೊತ್ತು ಊರೂರು ತಿರುಗುತ್ತಿದ್ದ ಚಾಚಿ ಕೂಡ ಇದ್ದರು. ಆದರೆ ಅಕ್ಕನ ಗಂಟಲು ಕಟ್ಟಿಹೋಗಿ ಒಂದು ಮಾತೂ ಹೊರಡುತ್ತಿರಲಿಲ್ಲ.

"ನೀನು ಹೇಳ್ಲಾ" ಅಂತ ಅಪ್ಪ ನನ್ನನ್ನು ಮುಂದಕ್ಕೆ ತಳ್ಳಿದ.

ನಾನು ಹೇಳಿದೆ. ತಾತ ನಡೆದ, ನಡೆದ, ನಡೆದ. ಮುಂದೆ ಏನು ಮಾಡಿಸಬೇಕೋ ತಿಳಿಯಲಿಲ್ಲ. ಅತ್ತ ಬೀದಿಯಲ್ಲಿ ಹುಡುಗರು ಗೋಲಿ ಆಡುತ್ತಿದ್ದರು. ಎದುರಿಗೆ ಬಾವಿ ಕಂಡಿತು. "ತಾತ ಬಾವಿಗೆ ಬಿದ್ದ. ಮುಳುಗಿದ. ಸತ್ತ. ಕತೆ ಮುಗೀತು" ಅಂದುಬಿಟ್ಟೆ.

ಪಟಪಟ ಸದ್ದು ನಿಂತೇಹೋಯಿತು. ಅಜ್ಜಿ ಮೊರ ಪಕ್ಕಕ್ಕಿಟ್ಟು, ಎದ್ದು ಹೋಗಿ ಕೈ ತೊಳೆದುಕೊಂಡಳು.

"ಯಾಕಜ್ಜಿ, ಎದ್ಬುಟ್ಟೆ?" ಅಂದ ಅಪ್ಪ.

"ಇನ್ನೇನ್ಲಾ ಮತ್ತೆ? ಸಾವಾಗೈತೆ. ಸೂತಕದ ಕೈಲಿ ಬಿತ್ತನೆ ಬೀಜ ಮುಟ್ಟಾದುಂಟಾ?"

"ಅದು ಕತೆ ಕಣಜ್ಜಿ!"

"ಕತೆನೋ ಗಿತೆನೋ. ನನ್ನ ಮೊಮ್ಮಗೀಗೆ ಎಲ್ಡು ವರ್ಷದಿಂದ ನಿದ್ದೆ ತಂದೋನು ಅವನೇಯ. ನೀನೇನು ಬಂದು ತೂಗಿದ್ಯಾ?"

"ಸಹಿ ಬಾತ್, ನಿಜವಾದ ಮಾತು" ಅಂತ ಚಾಚಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಾಳೆ ದೊಡ್ಡೇರಿಗೆ ಬಳೆ ಹೊತ್ತು ಹೋದ್ರೆ ಅಲ್ಲಿ ಮಕ್ಕಳಿಗೆ ಏನಂತ ಹೇಳ್ಲಿ? ಬಳೆಗಿಂತ ಮುಂಚೆ ತಾತನ ಸುದ್ದಿ ಕೇಳ್ತಾವೆ."

ಒಬ್ಬೊಬ್ಬರೇ ಕೈ ತೊಳೆದುಕೊಂಡರು. ಅಪ್ಪ ಮೂಟೆ ನೋಡಿದ, ಆಕಾಶ ನೋಡಿದ, ಆಮೇಲೆ ನನ್ನ ನೋಡಿದ. ಬೈದಿದ್ದರೇ ಚೆನ್ನಾಗಿತ್ತು. ನಾನು ಕಂಬ ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತೆ.

ಆಗ ಹಿತ್ತಲ ಕಡೆಯಿಂದ ಯಾರೋ ನಡೆದು ಬಂದರು. ಮೈಮೇಲೆ ಅಪ್ಪನ ಹಳೇ ಕೋಟು, ತಲೆಗೆ ಪೇಟ, ಅಡಿಯಿಂದ ಮುಡಿವರೆಗೂ ನೀರು ತೊಟ್ಟಿಕ್ಕುತ್ತಿತ್ತು. ಸಂಜೆಯ ಬಿಸಿಲು ಆ ಹನಿಗಳ ಮೇಲೆ ಬಿದ್ದು, ಬಂದವರು ಬೆಳಕನ್ನೇ ಉಟ್ಟುಕೊಂಡ ಹಾಗೆ ಕಂಡಿತು. ಅದು ಅಕ್ಕ ಅಂತ ನನಗೆ ಗೊತ್ತಿತ್ತು. ಆದರೂ ಮಕ್ಕಳೇ, ಒಂದು ಗಳಿಗೆ ಅದು ಅಕ್ಕ ಅಲ್ಲ!

ಅಜ್ಜಿ ಹತ್ತಿರ ಹೋಗಿ ಜೇಬು ಎಣಿಸಿದಳು. ಕೋಟಿಗಿದ್ದದ್ದು ಮೂರೇ. ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಸಂಚಿಗೆ ನಾಲ್ಕು ಪದರ ಇತ್ತು. "ನಾಲ್ಕು, ಐದು, ಆರು, ಏಳು. ಸರ್ಯಾಗೈತೆ. ಬಂದ್ಬುಟ್ಟ ಕಣ್ರಮ್ಮ, ಬಾವಿಯಿಂದ ಎದ್ದು ಬಂದ್ಬುಟ್ಟ!"

ಅಂಗಳದ ತುಂಬ ನಗು ಎದ್ದಿತು. ಅಕ್ಕ ಮಾತಾಡದೆ ಕೈ ಚಾಚಿದಳು. "ಪಾಪ, ನೀರಲ್ಲಿದ್ದು ಹಸ್ಕೊಂಡವ್ನೆ" ಅಂತ ಅಜ್ಜಿ ಒಂದು ಹಿಡಿ ಬೀಜ ತೆಗೆದು ಏಳನೆಯ ಪದರಕ್ಕೆ ತುಂಬಿದಳು. ಮತ್ತೆ ಪಟಪಟ ಶುರುವಾಯಿತು. ಅಕ್ಕ ಒದ್ದೆ ಕೋಟಿನಲ್ಲೇ ಅವರ ನಡುವೆ ಕೂತು ಬಿಡಿಸಿದಳು. ದೀಪ ಹಚ್ಚಿಕೊಂಡು ಬಿಡಿಸಿ, ನಡುರಾತ್ರಿಯ ಹೊತ್ತಿಗೆ ಎರಡು ಮೂಟೆಯೂ ಖಾಲಿ.

ಮಾರನೇ ದಿನ ಬಿತ್ತನೆಯಲ್ಲಿ ಮೊದಲನೇ ಸಾಲು ಮುಗಿದಾಗ ಅಪ್ಪ ಎತ್ತು ನಿಲ್ಲಿಸಿದ. ಒಂದು ಬೀಜ ಉದುರಿದರೂ ಬಗ್ಗಿ ಆರಿಸುವ ಅಪ್ಪ, ಒಂದು ಹಿಡಿ ಬೀಜ ತೆಗೆದು ಸಾಲಿನ ತುದಿಗೆ ಚೆಲ್ಲಿದ. "ತಾತನ ಪಾಲು" ಅಂದ. ಅಕ್ಕನ ಕಡೆ ತಿರುಗಿ ನೋಡಲಿಲ್ಲ, ನಾಚಿಕೆ ಇರಬೇಕು.

ಈಗ ಹೋದ ವಾರದ ಮಾತು. ನಮ್ಮ ಹೊಲ ಬಿತ್ತಲು ಟ್ರ್ಯಾಕ್ಟರ್ ಬಂದಿತ್ತು. ಓಡಿಸುವವನು ದೊಡ್ಡೇರಿ ಕಡೆಯವನು, ದಪ್ಪ ಮೀಸೆ, ಜೋರು ಬಾಯಿ. ಮೊದಲ ಸಾಲಿನ ತುದಿಯಲ್ಲಿ ಗಾಡಿ ನಿಲ್ಲಿಸಿ ಇಳಿದವನೇ ಒಂದು ಹಿಡಿ ಬೀಜ ಚೆಲ್ಲಿದ.

ನಾನು ಓಡಿಹೋದೆ. "ಏನಪ್ಪಾ ಅದು?"

"ಏಳು ಜೇಬಿನ ತಾತನ ಪಾಲು ಸ್ವಾಮಿ. ನಿಮ್ಮ ಕಡೆ ಇಲ್ವಾ? ನಮ್ಮಲ್ಲಿ ಹಿಂದ್ಲಿಂದ್ಲೂ ಐತೆ. ಅವನ ಏಳನೇ ಜೇಬಲ್ಲಿ ಬರೋ ವರ್ಷದ ಬೀಜ ಇರ್ತದೆ. ನಾವು ತುಂಬದೆ ಇದ್ರೆ ಅವನು ತರೋದೆಲ್ಲಿಂದ?"

ನಾನು ಅಲ್ಲೇ ಬದುವಿನ ಮೇಲೆ ಕೂತು ಅಕ್ಕನಿಗೆ ಫೋನು ಮಾಡಿದೆ. ಅಕ್ಕ ಈಗ ಕಳ್ಳಂಬೆಳ್ಳದಲ್ಲಿ ಮಗಳ ಮನೆಯಲ್ಲಿದ್ದಾಳೆ, ಹಲ್ಲೆಲ್ಲ ಉದುರಿವೆ. ಕೇಳಿ ಕಿಲಕಿಲ ನಕ್ಕಳು. "ಆ ಜೇಬಲ್ಲಿ ಏನಿತ್ತು ಅಂತ ನಂಗೇ ಗೊತ್ತಿರ್ಲಿಲ್ಲ ಕಣ್ಲಾ! ಅಂತೂ ಇವತ್ತು ಗೊತ್ತಾಯ್ತು."

ನಿಮಗೇನು ಕಮ್ಮಿ ಮಕ್ಕಳೇ. ನಿಮ್ಮ ಕತೆಯವರು ಮೊಬೈಲಿನಲ್ಲಿ ಕುಣೀತಾರೆ, ಸ್ಕೂಲ್ ಬ್ಯಾಗಿನ ಮೇಲೆ ಕೂತು ನಿಮ್ಮ ಜೊತೆ ಬಸ್ಸು ಹತ್ತುತ್ತಾರೆ. ಚಿತ್ರ ಇಲ್ಲದ ಡಬ್ಬಿಯಲ್ಲಿ ನೀವು ಚಿತ್ರಾನ್ನ ಕೂಡ ತಿನ್ನೋದಿಲ್ಲ. ನಮ್ಮ ತಾತನಿಗೆ ಒಂದು ಮುಖವೂ ಇರಲಿಲ್ಲ. ಅದಕ್ಕೇ ನಿನ್ನೆ ಪುಟ್ಟಿ, ನನ್ನ ಬಾಯಿಂದ ಅವನ ಹೆಸರು ಕೇಳಿದ ನೀನು ಅವನ ಚಿತ್ರ ಬರೆದು ತಂದಾಗ ಎಷ್ಟು ಹೊತ್ತು ನೋಡಿದೆ ಗೊತ್ತಾ? ಜೇಬು ಎಣಿಸಿದರೆ ಎಂಟು ಇದ್ದವು. ಯಾಕೆ ಅಂತ ಕೇಳಿದೆ.

"ಎಂಟನೇದು ಅವನ ಮೊಬೈಲಿಡೋಕೆ, ತಾತಾ" ಅಂದೆ ನೀನು.

ಇರಲಿ ಬಿಡು ಮಗಾ. ಅವನು ಇನ್ನು ಮುಂದೆ ನಿಮ್ಮ ಕಾಲದಲ್ಲಿ ಓಡಾಡಬೇಕಲ್ಲ.