ಶಾರದಕ್ಕ ಆರಿಸಿದ್ದು ಸರಿಯಾಗಿತ್ತು

ಶಾರದಕ್ಕ, ನಿಮ್ಮ ಮನೆಯ ಕಂಪ್ಯೂಟರಿನಲ್ಲಿದ್ದ ಆಂಟಿವೈರಸ್ ಆ ದಿನ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತ್ತು. ಅದನ್ನು ಆಫ್ ಮಾಡಿದವಳು ನಾನು. ನಿಮ್ಮ ಕಾಗದ ಊರವರ ಕೈಗೆಲ್ಲ ಸಿಕ್ಕಿದ್ದು ನನ್ನಿಂದ — ನೀವು ಕೊಂಡ ಸಾಫ್ಟ್‌ವೇರಿನಿಂದಲ್ಲ. ಇಷ್ಟು ಸಣ್ಣ ಮಾತನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನುಂಗಿಕೊಂಡಿದ್ದೆ.

ಮೊದಲಿನಿಂದ ಬರೆಯುತ್ತೇನೆ. ನಿಮಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಿಮಗೆ ಗೊತ್ತಿರುವುದರ ಒಳಗೇ ನಾನು ಸುಳ್ಳನ್ನು ಸೇರಿಸಿಟ್ಟಿದ್ದೇನೆ. ಬಿಡಿಸದೆ ಹೋದರೆ ಕಾಣುವುದಿಲ್ಲ.

ಆಗ ನಾವಿಬ್ಬರೂ ಓಲ್ಡ್ ಬ್ರಿಡ್ಜ್ ಊರಿನಲ್ಲಿದ್ದೆವು. ನಿಮ್ಮದು ಸ್ವಂತ ಮನೆ, ನನ್ನದು ಎರಡು ರಸ್ತೆ ಆಚೆಯ ಅಪಾರ್ಟ್‌ಮೆಂಟು. ನಾನು ಮದುವೆಯಾಗಿ ಮೈಸೂರಿನಿಂದ ಅಮೆರಿಕಕ್ಕೆ ಬಂದು ಒಂದು ವರ್ಷವಾಗಿತ್ತು. ಗಂಡನ ವೀಸಾದ ಮೇಲೆ ಬಂದವಳು ಕೆಲಸ ಮಾಡುವ ಹಾಗಿರಲಿಲ್ಲ. ವೀಸಾ ಮಾಡಿಸಿಕೊಡುವ ಕಂಪನಿ ಯಾವುದಾದರೂ ಸಿಕ್ಕೀತೆಂದು ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿಯುತ್ತಿದ್ದೆ. ನನ್ನ ಹಾಗೆ ಕಲಿತ ಎಷ್ಟೋ ಹೆಂಗಸರಿಗೆ ಆಗ ಕೆಲಸ ಸಿಗುತ್ತಿತ್ತು. ಆದರೆ ನಮ್ಮಲ್ಲಿದ್ದ ಒಂದೇ ಲ್ಯಾಪ್‌ಟಾಪು ಸೋಮವಾರ ನನ್ನ ಗಂಡನ ಜೊತೆ ಬೇರೆ ಊರಿನ ಕೆಲಸಕ್ಕೆ ಹೊರಟರೆ ಬರುವುದು ಶುಕ್ರವಾರ. ನಾನು ಬಾಯಿಬಿಟ್ಟು ಕೇಳುವ ಮುಂಚೆಯೇ ನೀವು ಮನೆಯ ಕೀ ಕೊಟ್ಟಿರಿ.

"ನಾವಿಬ್ರೂ ಆಫೀಸಿಗೆ ಹೋಗಿರ್ತೀವಿ ಕಣೇ ವೀಣಾ. ಅತ್ತೆ ಒಬ್ರೇ ಇರ್ತಾರೆ. ಬಂದು ಕಂಪ್ಯೂಟರ್ ಯೂಸ್ ಮಾಡ್ಕೋ. ಅವರಿಗೂ ಮಾತಿಗೊಬ್ಬರು ಸಿಕ್ಕಂಗಾಗತ್ತೆ."

ನಿಮ್ಮ ಮನೆಗೆ ಕೇಬಲ್ ಇಂಟರ್ನೆಟ್ ಬಂದದ್ದೂ ಆಗಲೇ. ಇಡೀ ದಿನ ಕನೆಕ್ಷನ್ ಇರುತ್ತದೆ, ಯಾರು ಬೇಕಾದರೂ ನುಗ್ಗಬಹುದು ಎಂದು ನಿಮ್ಮ ಆಫೀಸಿನಲ್ಲಿ ಯಾರೋ ಹೆದರಿಸಿದ್ದರು. ಹೈವೇ ರೂಟ್ ಹದಿನೆಂಟರ ಮೇಲಿದ್ದ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದಿರಿ. ಮೂರ್ತಿ ಭಾವ ಎಲ್ಲರ ಮನೆಯಲ್ಲೂ ಇರುವ ದೊಡ್ಡ ಹೆಸರಿನ ಡಬ್ಬವನ್ನು ಎತ್ತಿಕೊಂಡು ಕೌಂಟರಿನ ಕಡೆ ಹೊರಟರು. ನೀವು ಬಿಡಲಿಲ್ಲ. ಕನ್ನಡಕ ಹಣೆಗೇರಿಸಿ, ಒಂದೊಂದೇ ಡಬ್ಬ ತಿರುಗಿಸಿ, ಹಿಂದಿನ ಸಣ್ಣ ಅಕ್ಷರಗಳನ್ನು ಓದುತ್ತ ಮುಕ್ಕಾಲು ಗಂಟೆ ನಿಂತಿರಿ.

"ಇದು ಬರೋ ಮೇಲ್ ಅಷ್ಟೇ ಅಲ್ಲ, ಹೋಗೋ ಮೇಲನ್ನೂ ನೋಡತ್ತಂತೆ. ಹೊರಗಿನವರು ನುಗ್ಗದಂಗೆ ತಡೆಯೋ ಫೈರ್‌ವಾಲೂ ಇದರಲ್ಲೇ ಇದೆ. ಅದಕ್ಕೆ ಬೇರೆ ಡಬ್ಬ ಯಾಕೆ ಕೊಳ್ಬೇಕು?"

"ಹೆಸರೇ ಕೇಳಿಲ್ಲ. ನಿನ್ನಿಷ್ಟ," ಎಂದರು ಭಾವ.

ನೀವು ಅದನ್ನೇ ಕೊಂಡಿರಿ. ಅದಾಗಿ ಇಷ್ಟು ವರ್ಷ ಸಾಫ್ಟ್‌ವೇರಿನ ಕಸುಬಿನಲ್ಲೇ ಇದ್ದು ಹೇಳುತ್ತಿದ್ದೇನೆ — ಆ ದಿನ ಆ ಅಂಗಡಿಯಲ್ಲಿ ನೀವು ಕೇಳಿದ ಪ್ರಶ್ನೆಗಳೇ ಕೇಳಬೇಕಾದ ಪ್ರಶ್ನೆಗಳು.

ಆಮೇಲೆ ಆ ಗುರುವಾರ. ನಿಮ್ಮ ಅತ್ತೆ — ನಾನು ಅಜ್ಜಿ ಅನ್ನುತ್ತಿದ್ದೆ — ಸೋಫಾದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಮಂಡಿಯ ಆಪರೇಷನ್ ಆಗಿ ಆರು ತಿಂಗಳಾಗಿತ್ತು. ಮರುದಿನ ಬೆಳಿಗ್ಗೆ ನನಗೆ ಫೋನಿನಲ್ಲಿ ಇಂಟರ್‌ವ್ಯೂ ಇತ್ತು. ಜೊತೆಯಲ್ಲಿ ಕಲಿಯುತ್ತಿದ್ದ ಹುಡುಗಿಯಿಂದ ಒಂದು ಮೇಲ್ ಬಂದಿತ್ತು, ಜೊತೆಗೊಂದು ಫೈಲ್. ಇಂಟರ್‌ವ್ಯೂ ಪ್ರಶ್ನೆಗಳಿರಬೇಕೆಂದುಕೊಂಡೆ. ತೆರೆಯಲು ಹೋದರೆ ಸ್ಕ್ರೀನಿನ ನಡುವೆ ಕೆಂಪು ಚೌಕ ಬಂತು. ಈ ಫೈಲ್ ಅಪಾಯ, ತೆರೆಯಬೇಡಿ. ಮತ್ತೆ ಒತ್ತಿದೆ, ಮತ್ತೆ ಬಂತು.

"ಅದೇನಮ್ಮಾ ಕೆಂಪಗೆ ಬಂತು?" ಅಜ್ಜಿ ಕೇಳಿದರು.

"ಏನಿಲ್ಲ ಅಜ್ಜಿ. ಸುಮ್ನೆ ಹೆದರ್ಸತ್ತೆ."

ಹಾಗೆಂದು, ಮೂಲೆಯಲ್ಲಿದ್ದ ಆಂಟಿವೈರಸ್ ಚಿತ್ರದ ಮೇಲೆ ಒತ್ತಿ ಅದನ್ನು ಆಫ್ ಮಾಡಿದೆ. ಕಂಪ್ಯೂಟರ್ ಆನ್ ಆದಾಗ ತಾನೇ ಶುರುವಾಗಲಿ ಎಂಬ ಟಿಕ್ ಗುರುತನ್ನೂ ತೆಗೆದೆ — ಮತ್ತೆ ಕಾಟ ಕೊಡದಿರಲೆಂದು. ಗೊತ್ತಿಲ್ಲದೆ ಮಾಡಿದ್ದಲ್ಲ, ಅಕ್ಕ. ಇಂಥ ಫೈಲನ್ನು ಮುಟ್ಟಬಾರದೆಂದು ಅದೇ ವಾರ ಕ್ಲಾಸಿನಲ್ಲಿ ಹೇಳಿದ್ದರು, ನಾನೇ ಬರೆದುಕೊಂಡಿದ್ದೆ. ಫೈಲನ್ನು ತೆರೆದೆ. ಏನೂ ಕಾಣಲಿಲ್ಲ, ಸ್ಕ್ರೀನ್ ಒಮ್ಮೆ ಮಿಣುಕಿತು, ಅಷ್ಟೆ. ಅಜ್ಜಿ ಹಾಕಿಕೊಟ್ಟ ಹುಳಿಯನ್ನ ತಿಂದು ಮನೆಗೆ ಹೋದೆ.

ಆ ವೈರಸ್ಸಿನ ಗುಣ ಆಮೇಲೆ ತಿಳಿಯಿತು. ಕಂಪ್ಯೂಟರಿನಲ್ಲಿರುವ ಯಾವುದೋ ಒಂದು ಬರಹವನ್ನು ಎತ್ತಿಕೊಂಡು, ಅಡ್ರೆಸ್ ಪುಸ್ತಕದಲ್ಲಿರುವ ಎಲ್ಲರಿಗೂ ಕಳಿಸಿಬಿಡುತ್ತಿತ್ತು. ನಿಮ್ಮದರಲ್ಲಿ ಟ್ಯಾಕ್ಸ್ ಲೆಕ್ಕವಿತ್ತು, ಮಗನ ಕಾಲೇಜಿನ ಅರ್ಜಿಗಳಿದ್ದವು, ಬಿಸಿಬೇಳೆಬಾತಿನ ಪುಡಿಯ ಅಳತೆಯಿತ್ತು. ಅವುಗಳಲ್ಲಿ ಯಾವುದನ್ನಾದರೂ — ಆದರೆ ಅದು ಎತ್ತಿಕೊಂಡದ್ದು ಡಾಲಸ್‌ನಲ್ಲಿದ್ದ ನಿಮ್ಮ ಓರಗಿತ್ತಿಗೆ ನೀವು ಬರೆದು, ಕಳಿಸದೆ ಬಿಟ್ಟಿದ್ದ ಕಾಗದವನ್ನು.

ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಶುಕ್ರವಾರ ಬೆಳಿಗ್ಗೆ ಬ್ರಿಡ್ಜ್‌ವಾಟರಿನ ಆಫೀಸಿನಲ್ಲಿ ನಿಮ್ಮ ಮ್ಯಾನೇಜರ್ ಬಂದು, ಇದು ಯಾವ ಭಾಷೆ ಎಂದು ನಗುತ್ತ ಕೇಳಿದರಂತೆ. ಅವರಿಗೆ ಓದಲು ಬರಲಿಲ್ಲ. ನಮ್ಮ ಕನ್ನಡ ಬಳಗದವರಿಗೆ ಬಂತು. "ಅತ್ತೆಯನ್ನ ಆರು ತಿಂಗಳು ನೀವು ಇಟ್ಕೊಳ್ಳಿ. ನನ್ನ ಕೈಲಿ ಆಗ್ತಿಲ್ಲ. ಆಫೀಸಿಂದ ಬಂದು ಬಾಗಿಲು ತೆಗೆದಾಗ ಒಂದು ದಿನ ಮನೆ ಖಾಲಿ ಇರಬಾರದಾ ಅನ್ಸತ್ತೆ." — ಲ್ಯಾಪ್‌ಟಾಪು ಬಂದ ಮೇಲೆ ನಾನೂ ಓದಿದೆ. ನನ್ನ ಅಡ್ರೆಸ್ಸೂ ನಿಮ್ಮ ಪುಸ್ತಕದಲ್ಲಿತ್ತು.

ಅದನ್ನು ನೀವು ಬರೆದದ್ದು ಅದಕ್ಕೂ ಒಂದು ವರ್ಷದ ಹಿಂದೆ, ಯಾವುದೋ ಒಂದು ಸಂಜೆಯ ಬೇಸರದಲ್ಲಿ. ಆಮೇಲೆ ಅದೇ ಅತ್ತೆಯ ಆಪರೇಷನ್ನಿಗೆ ರಜ ಹಾಕಿ, ಆರು ವಾರ ಅವರನ್ನು ಸ್ನಾನಕ್ಕೆ ಎತ್ತಿ ಕೂರಿಸಿದವರು ನೀವು. ಅದು ಯಾವ ಕಾಗದದಲ್ಲೂ ಇರಲಿಲ್ಲ.

ಆ ಸಂಜೆ ನನ್ನನ್ನು ಕರೆಸಿದಿರಿ. ಅಡುಗೆಮನೆಯ ಕಟ್ಟೆಯನ್ನು ಹಿಡಿದುಕೊಂಡು ನಿಂತಿದ್ದಿರಿ. ಮಹಡಿಯ ಮೇಲೆ ಭಾವ ತಮ್ಮನ ಜೊತೆ ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. "ಏನಾಯ್ತು ನೋಡೇ," ಎಂದಿರಿ.

ಕಂಪ್ಯೂಟರಿನ ಮುಂದೆ ಒಬ್ಬಳೇ ಕೂತು ನಾನು ಮಾಡಿದ ಮೊದಲ ಕೆಲಸ — ಆಂಟಿವೈರಸ್ ಆನ್ ಮಾಡಿ, ತೆಗೆದಿದ್ದ ಟಿಕ್ ಗುರುತನ್ನು ಮತ್ತೆ ಹಾಕಿದ್ದು. ಎರಡನೆಯದು, ಆ ಫೈಲನ್ನು ಅಳಿಸಿದ್ದು. ಆಮೇಲೆ ನಿಮ್ಮನ್ನು ಕರೆದೆ.

"ನೋಡಿ, ಆಂಟಿವೈರಸ್ ಆನ್ ಆಗೇ ಇದೆ. ಆದ್ರೂ ತಪ್ಪಿಸ್ಕೊಂಡು ಬಂದಿದೆ. ಈ ಸಾಫ್ಟ್‌ವೇರ್ ಅಷ್ಟು ಸರಿ ಇಲ್ಲ ಅಕ್ಕ."

"ಹೋಗೋ ಮೇಲನ್ನೂ ನೋಡತ್ತೆ ಅಂತ ಬರೆದಿತ್ತಲ್ಲೇ?"

"ಎಲ್ಲ ಡಬ್ಬದ ಮೇಲೂ ಹಾಗೇ ಬರೀತಾರೆ."

ಭಾವ ಮೆಟ್ಟಿಲಿಳಿದು ಬಂದಿದ್ದರು. "ನಾನು ಹೇಳಿರ್ಲಿಲ್ವಾ?" ಎಂದರು. ನೀವು, "ಹೂಂ, ನಾನೇ ಆರಿಸಿದ್ದು," ಎಂದಿರಿ. ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆದಿದ್ದರೆ ಸಾಕಿತ್ತು...

ಡಾಲಸ್‌ನ ಮಗ ಅಜ್ಜಿಗೆ ಫೋನಿನಲ್ಲೇ ಎಲ್ಲವನ್ನೂ ಓದಿ ಹೇಳಿದ್ದ. ಅವರು ಕೂಗಾಡಲಿಲ್ಲ. "ಬರೆಯೋಷ್ಟು ಸಾಕಾಗಿತ್ತು ಅಂದ್ರೆ ನಂಗೇ ಒಂದು ಮಾತು ಹೇಳ್ಬಾರ್ದಿತ್ತೇ ಶಾರದಾ?" ಅಷ್ಟೇ ಕೇಳಿದರಂತೆ. ಅದು ಹಳೆಯದು, ಈಗ ಹಾಗಿಲ್ಲ ಎಂದು ನೀವು ಅತ್ತು ಹೇಳಿದಿರಿ. ಅವರು ನಂಬಿದರೋ ಏನೋ; ಆದರೆ ಆ ಮನೆಯಲ್ಲಿ ಉಳಿಯಲಿಲ್ಲ. ಎರಡು ವಾರದಲ್ಲಿ ಡಾಲಸ್‌ಗೆ ಟಿಕೆಟ್ ಬಂತು.

ಹೊರಡುವ ಹಿಂದಿನ ದಿನ ನಾನು ಅವರ ಸೀರೆಗಳನ್ನು ಮಡಿಸಿಕೊಡುತ್ತಿದ್ದೆ. ಇದು ನಿಮಗೆ ಗೊತ್ತಿಲ್ಲ. ಅಜ್ಜಿ ನನ್ನ ಮುಖ ನೋಡದೆ ಕೇಳಿದರು: "ಅವತ್ತು ಕೆಂಪಗೆ ಏನೋ ಬಂದಿತ್ತಲ್ಲ ಮಗೂ. ಇದು ಅದೇನಾ?"

"ಅಲ್ಲ ಅಜ್ಜಿ. ಅದು ಬೇರೆ."

ಅವರು ಸೆರಗಿನ ಎರಡು ತುದಿಗಳನ್ನು ಕೂಡಿಸಿ ಮಡಿಸಿದರು. "ಸರಿ ಬಿಡು," ಎಂದರು. ಅವರಿಗೆ ಅರ್ಥವಾಗಿತ್ತೆಂದೇ ನನಗೆ ಅನ್ನಿಸುತ್ತದೆ. ಅರ್ಥವಾಗಿಯೂ ಯಾರಿಗೂ ಹೇಳದೆ ಹೋದರು — ನನ್ನನ್ನು ಉಳಿಸಲು ಇರಬಹುದು, ಅಥವಾ ಕಾಗದದ ಮಾತು ಹೇಗೂ ನಿಜವೇ ಆಗಿತ್ತೆಂದು ಇರಬಹುದು. ಎರಡನೇ ಚಳಿಗಾಲ ಬರುವ ಮುಂಚೆ ಅವರು ಡಾಲಸ್‌ನಲ್ಲೇ ತೀರಿಕೊಂಡರು. ನೀವು ಹೋದಾಗ ಅಲ್ಲಿ ನಿಮ್ಮನ್ನು ಯಾರೂ ಸರಿಯಾಗಿ ಮಾತಾಡಿಸಲಿಲ್ಲವೆಂದು ಭಾವ ಹೇಳಿದರು.

ಇಲ್ಲಿಗೇ ಮುಗಿದಿದ್ದರೆ ಹೆದರಿ ಸುಳ್ಳು ಹೇಳಿದೆ ಅನ್ನಬಹುದಿತ್ತು. ನನ್ನ ಇಂಟರ್‌ವ್ಯೂ, ನನ್ನ ವೀಸಾ, ನನ್ನ ಇಪ್ಪತ್ತನಾಲ್ಕರ ವಯಸ್ಸು... ಆದರೆ ಬಳಗದ ಹೆಂಗಸರು ಕಾಗದ ಹೊರಬಿದ್ದ ಮೇಲಿನ ವಸಂತದಲ್ಲಿ ನನ್ನನ್ನು ಭಾಷಣಕ್ಕೆ ಕರೆದರು. ಮನೆಯ ಕಂಪ್ಯೂಟರಿಗೆ ಯಾವ ಆಂಟಿವೈರಸ್ ಒಳ್ಳೆಯದು? ಆ ಹೊತ್ತಿಗೆ ನನಗೆ ಕೆಲಸ ಸಿಕ್ಕಿತ್ತು, ಯಾರ ಹೆದರಿಕೆಯೂ ಇರಲಿಲ್ಲ. ಶಾಲೆಯೊಂದರ ಊಟದ ಹಾಲ್‌ನಲ್ಲಿ ನಿಂತು ಹೇಳಿದೆ: ಅಪ್‌ಡೇಟ್ ಮಾಡುತ್ತಿರಿ, ಅವಧಿ ಮುಗಿಯುವುದನ್ನು ಗಮನಿಸಿ, ಫೈರ್‌ವಾಲ್ ಇಟ್ಟುಕೊಳ್ಳಿ. ಹೇಳಿದ್ದೆಲ್ಲ ಸರಿಯೇ. ಆಮೇಲೆ, ಎಲ್ಲರೂ ಕಿವಿಗೊಟ್ಟು ಕೇಳುತ್ತಿದ್ದ ಖುಷಿಯಲ್ಲಿ, "ಹೆಸರು ಕೇಳದ ಕಂಪನಿಯದ್ದು ಹಾಕಿದರೆ ಏನಾಗತ್ತೆ ಅಂತ ನಮಗೆಲ್ಲ ಗೊತ್ತೇ ಇದೆ," ಎಂದೆ. ಜನ ನಕ್ಕರು. ನೀವು ಮೂರನೇ ಸಾಲಿನಲ್ಲಿದ್ದಿರಿ. ತಲೆ ಬಗ್ಗಿಸಿ, ನಾನು ಹೇಳಿದ್ದನ್ನು ಒಂದು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಿರಿ.

ಆಮೇಲೆ ನೀವು ಬಳಗಕ್ಕೆ ಬರಲಿಲ್ಲ. ಮಗ ಓದು ಮುಗಿಸಿದ ಮೇಲೆ ಮನೆ ಮಾರಿ ಮನ್ರೋ ಊರಿಗೆ ಹೋದಿರಿ. ನಾನು ದೀಪಾವಳಿಗೊಮ್ಮೆ ಫೋನ್ ಮಾಡುತ್ತಿದ್ದೆ, ಬೇಗ ಇಡುತ್ತಿದ್ದೆ.

ಹೋದ ವಾರ ನೀವೇ ಫೋನ್ ಮಾಡಿದಿರಿ. ಹೊಸ ಲ್ಯಾಪ್‌ಟಾಪ್ ತಂದಿದ್ದೀರಿ. "ಇದಕ್ಕೆ ಯಾವ ಆಂಟಿವೈರಸ್ ಹಾಕ್ಲಿ ವೀಣಾ? ನೀನೇ ಬಂದು ಹಾಕ್ಕೊಡು. ನಾನಂತೂ ಆರ್ಸಲ್ಲಪ್ಪ. ಅವತ್ತು ನಾನು ಆರಿಸಿದ್ದಕ್ಕೇ ಅತ್ತೆ ಮನೆ ಬಿಟ್ಟು ಹೋಗಿದ್ದು."

ನೀವು ನಗುತ್ತಲೇ ಹೇಳಿದಿರಿ. ನಾನು ಭಾನುವಾರ ಬರುತ್ತೇನೆಂದು ಹೇಳಿ ಫೋನಿಟ್ಟೆ. ಕಾಗದ ಹೊರಗೆ ಬಿದ್ದದ್ದಕ್ಕೆ ಜನ ಆಡಿಕೊಂಡರು, ಮರೆತರು ಎಂದುಕೊಂಡಿದ್ದೆ. ನೀವು ಇಷ್ಟು ವರ್ಷ ಆ ಡಬ್ಬದ ತಪ್ಪನ್ನು ಹೊತ್ತುಕೊಂಡಿದ್ದೀರೆಂದು — ಇಲ್ಲ, ಇದೂ ಪೂರ್ತಿ ನಿಜವಲ್ಲ. ಅನುಮಾನವಿತ್ತು. ಕೇಳಲು ಧೈರ್ಯವಿರಲಿಲ್ಲ.

ಕ್ಷಮಿಸಿ ಎಂದು ಬರೆಯಲಾರೆ. ಕ್ಷಮಿಸಬೇಕಾದವರಲ್ಲಿ ಒಬ್ಬರು ಇಲ್ಲ. ಇದನ್ನು ಮೇಲ್ ಮಾಡುವುದೂ ಇಲ್ಲ. ನಿಮ್ಮೆದುರೇ ಹೇಳಬೇಕು, ಮೂರ್ತಿ ಭಾವನೂ ಕೇಳಬೇಕು. ಆ ದಿನ ನಕ್ಕವರಲ್ಲಿ ಯಾರ್ಯಾರ ನಂಬರ್ ಇದೆಯೋ ಅವರಿಗೆಲ್ಲ ಆಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತೇನೆ.

ಬರೆದುಕೊಂಡದ್ದು ಬಾಯಿಗೆ ಬರಲೆಂದು ಬರೆದೆ. ಭಾನುವಾರ ನೀವು ಬಾಗಿಲು ತೆಗೆದ ಕೂಡಲೇ, ಹೊಸಿಲಿನ ಈಚೆ ನಿಂತೇ ಹೇಳಿಬಿಡುತ್ತೇನೆ. ಒಳಗೆ ಕರೆದು ಕಾಫಿ ಕೈಗೆ ಕೊಟ್ಟಿರೆಂದರೆ ಮತ್ತೆ ಹೇಳುವವಳಲ್ಲ ನಾನು.